ಬೆಟ್ಟ ಹತ್ತಲಾಗದ ಹಾಡುಗಾರನಿಗೆ ಮೊಬೈಲೇ ಅಂಗಳ ಆದೀತೆ?

ಪ್ರಶ್ನೆ: ನಮ್ಮದು ಹನೂರು ತಾಲ್ಲೂಕಿನ ಕಾಡಂಚಿನ ಊರು. ದೊಡ್ಡಪ್ಪನ ಮಗ ಒಬ್ಬ ಅಣ್ಣ ಇದ್ದಾನೆ. ಕೂಸಿದ್ದಾಗಲೇ ಪೋಲಿಯೊ ಬಂದು ಎರಡೂ ಕಾಲಿಗೆ ಸ್ವಾಧೀನವಿಲ್ಲ. ತಾತನಿಂದ ಮಾದಪ್ಪನ ಕತೆ ಕಲಿತಿದ್ದಾನೆ, ಕೂತರೆ ಬೆಳಗಿನ ಜಾವದವರೆಗೂ ಹಾಡಬಲ್ಲ. ಆದರೆ ಮೇಳದವರು ಕಾರ್ಯಕ್ರಮಕ್ಕೆ ಹೋಗುವಾಗ ಬೀಸು ಕಂಸಾಳೆ ಬರುವವರನ್ನೇ ಕರೆದುಕೊಂಡು ಹೋಗುತ್ತಾರೆ. ಮೊನ್ನೆ ಕೊಳ್ಳೇಗಾಲದ ಕಾಲೇಜು ಹುಡುಗನೊಬ್ಬ, ‘ವರ್ಚುವಲ್ ವೇದಿಕೆ ಬಂದಿದೆ, ಕನ್ನಡಕ ಹಾಕಿಕೊಂಡರೆ ಜನ ಎದುರಿಗೇ ಕೂತಂತೆ ಕಾಣುತ್ತಾರೆ, ಮನೆಯಲ್ಲೇ ಕೂತು ಲೋಕಕ್ಕೆಲ್ಲ ಹಾಡಬಹುದು’ ಎಂದ. ಅಣ್ಣ ನಕ್ಕುಬಿಟ್ಟ: ‘ಎದ್ರುಗ್ ಜನ ಇಲ್ದೆ ಯಾರ್ಗಪ್ಪಾ ಕತೆ ಹೇಳದು?’ ಇದು ನಮ್ಮಂಥವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ, ಇಲ್ಲ ಪಟ್ಟಣದವರ ಆಟವೇ?
– ಓದುಗರೊಬ್ಬರು, ಹನೂರು ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಗಿಂತ ನಿಮ್ಮ ಅಣ್ಣನ ಪ್ರಶ್ನೆ ಗಟ್ಟಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮದಕ್ಕೆ ಚುಟುಕು ಉತ್ತರ: ಉಪಯೋಗವಿದೆ, ಕನ್ನಡಕ ಬೇಡ.

ಉದ್ದದ ಉತ್ತರಕ್ಕೆ ಒಂದು ಮಾತು ಸರಿಪಡಿಸಿಕೊಂಡು ಹೊರಡೋಣ. ಅಣ್ಣನನ್ನು ಮೇಳ ಬಿಟ್ಟುಹೋಗುತ್ತಿರುವುದು ಅವನ ಕಾಲಿನಿಂದಾಗಿ ಎಂಬ ದನಿ ನಿಮ್ಮ ಪತ್ರದಲ್ಲಿದೆ. ನನಗೆ ಹಾಗನ್ನಿಸುವುದಿಲ್ಲ. ಮಾದಪ್ಪನ ಕತೆ ಮೂಲದಲ್ಲಿ ಕೂತು ಹಾಡುವ ಕಲೆ. ಜಗಲಿಯ ಮೇಲೋ ಚಪ್ಪರದಡಿಯಲ್ಲೋ ಚಾಪೆ ಹಾಸಿ, ಕಂಸಾಳೆ, ತಂಬೂರಿ, ದಮ್ಮಡಿ ಹಿಡಿದು ಮೂರ್ನಾಲ್ಕು ಜನ ಕೂತರೆ ಮುಗಿಯಿತು. ಮುಂದಿನವನು ಕತೆ ಎತ್ತುತ್ತಾನೆ, ಹಿಂದಿನವರು ಸೊಲ್ಲು ಕೊಡುತ್ತಾರೆ. ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು ಎಂದು ಕತೆ ಹರಿಯುತ್ತ ಹೋದರೆ ಒಂದು ರಾತ್ರಿ ಸಾಲದು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಪುಸ್ತಕ ಮಾಡಿದರು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಸಂಗ್ರಹಿಸಿದ್ದು 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂತು, ಮುಂದೆ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೂ ತಂದರು. ದಪ್ಪನೆಯ ಈ ಹೊತ್ತಿಗೆಗಳಲ್ಲಿರುವುದೆಲ್ಲ ಗಂಟಲಿನ ಕೆಲಸ, ನೆನಪಿನ ಕೆಲಸ. ಕಾಲಿನ ಕೆಲಸವಲ್ಲ.

ಬೀಸು ಅದೇ ಕಲೆಯ ಇನ್ನೊಂದು ಮುಖ. ಎಡಗೈಯಲ್ಲಿ ಬಟ್ಟಲು, ಬಲಗೈಯ ದಾರದ ತುದಿಯಲ್ಲಿ ಹಾರುವ ತಾಳ. ತಲೆಯ ಮೇಲೆ, ಬೆನ್ನ ಹಿಂದೆ, ಸಂಗಡಿಗನ ಬಟ್ಟಲಿಗೆ ಬೀಸಿ ಹೊಡೆಯುವ ಚಮತ್ಕಾರ. ನೋಡಲು ಮೈ ಜುಮ್ಮೆನ್ನುತ್ತದೆ, ಇಲ್ಲವೆನ್ನುವವರಾರು? ಆದರೆ ಸರ್ಕಾರಿ ಉತ್ಸವ, ದಸರಾ ಮೆರವಣಿಗೆ, ಮದುವೆಯ ಸ್ವಾಗತ, ಟೀವಿಯ ಸ್ಟುಡಿಯೊ, ಎಲ್ಲ ಕಡೆಯೂ ಕಲಾವಿದನಿಗೆ ಸಿಗುವುದು ಐದು ಹತ್ತು ನಿಮಿಷ. ಆ ಐದು ನಿಮಿಷದಲ್ಲಿ ಸಂಕಮ್ಮನ ಸಂಕಟ ಹೇಳಲಾಗುವುದಿಲ್ಲ, ತಾಳ ಬೀಸಬಹುದು. ಹೀಗೆ ವೇದಿಕೆಯೇ ಬೀಸನ್ನು ಆರಿಸಿ ಮುಂದೆ ನಿಲ್ಲಿಸಿ ಕತೆಯನ್ನು ಹಿಂದಕ್ಕೆ ತಳ್ಳಿತು. ಕತೆಯ ಜೊತೆಗೆ ಕೂತು ಹಾಡುವವನೂ ಹಿಂದಾದ. ನಿಮ್ಮಣ್ಣನ ಮಟ್ಟಿಗೆ ಊನ ಇರುವುದು ಆ ವೇದಿಕೆಯಲ್ಲಿ.

ಆದ್ದರಿಂದ ನಾವು ಹುಡುಕಬೇಕಾದ ಜಾಗದ ಲಕ್ಷಣ ಇಷ್ಟೇ: ಅಲ್ಲಿ ಯಾರೂ ಗಡಿಯಾರ ನೋಡುತ್ತಿರಬಾರದು, ಮೆಟ್ಟಿಲಿರಬಾರದು, ಕೂತು ಹಾಡುವುದು ಕಡಿಮೆ ಎಂದು ಯಾರೂ ಅನ್ನಬಾರದು. ಮೊಬೈಲಿನ ಜಗತ್ತಿನಲ್ಲಿ ಅಂಥ ಮೂಲೆ ಒಂದಿದೆ: ಉದ್ದದ ಹಾಡನ್ನೂ ಇಟ್ಟುಕೊಳ್ಳುವ ಯೂಟ್ಯೂಬಿನಂಥ ಜಾಗ. ಪಕ್ಕದಲ್ಲೇ ಅದಕ್ಕೆ ತದ್ವಿರುದ್ಧವಾದ ಮೂಲೆಯೂ ಇದೆ: ಗಳಿಗೆಯಲ್ಲಿ ಮುಗಿಯುವ ರೀಲ್ಸು. ಅಲ್ಲಿ ಮತ್ತೆ ಬೀಸುವವನೇ ಗೆಲ್ಲುತ್ತಾನೆ. ಅತ್ತ ಹೋಗಬೇಡಿ.

ಇದೇನೂ ಹೊಸ ಸಂಗತಿಯಲ್ಲ ಎಂದು ಅಣ್ಣನಿಗೆ ಹೇಳಿ. ಕಣ್ಣೆದುರು ಇಲ್ಲದ ಜನಕ್ಕೆ ಹಾಡುವುದನ್ನು ಮೈಸೂರು ಸೀಮೆಯವರು ಕಲಿತು ತೊಂಬತ್ತು ವರ್ಷವಾಯಿತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ಬಾನುಲಿ ಬಿತ್ತರಿಸಿದರು, ‘ಆಕಾಶವಾಣಿ’ ಎಂಬ ಹೆಸರು ಚಲಾವಣೆಗೆ ಬಂದದ್ದೂ ಅಲ್ಲಿಂದಲೇ. ವರ್ಚುವಲ್ ಎಂಬ ಪದಕ್ಕೆ ಕನ್ನಡದಲ್ಲಿ ತಕ್ಕ ಮಾತಿಲ್ಲವೆಂದು ಪಂಡಿತರು ತಲೆ ಕೆರೆದುಕೊಳ್ಳುತ್ತಾರೆ. ಯಾರೂ ಕಾಣದೆ ದನಿ ಮಾತ್ರ ಕೇಳುವ ಜಾಗಕ್ಕೆ ಆಕಾಶವಾಣಿಗಿಂತ ಒಳ್ಳೆಯ ಹೆಸರು ಯಾವುದಿದೆಯೋ ನನಗೆ ತಿಳಿಯದು. ಆಮೇಲೆ ಕ್ಯಾಸೆಟ್ ಬಂತು. ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕತೆಗಳು ಕ್ಯಾಸೆಟ್ಟಿನಲ್ಲಿ ಹಳ್ಳಿಹಳ್ಳಿ ಸುತ್ತಿದವು, ಟೀ ಅಂಗಡಿಯಲ್ಲಿ, ಲಾರಿಯಲ್ಲಿ, ರಾಗಿ ಬಡಿಯುವ ಕಣದಲ್ಲಿ ಕೇಳಿದವು. ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಹಾಕಿದ ಕ್ಯಾಸೆಟ್ಟಿಗೆ ಹಿಂದಿನ ಸೀಟಿನ ಅಜ್ಜಿ ‘ಉಘೇ’ ಅಂದದ್ದನ್ನು ನಾನೇ ಕೇಳಿದ್ದೇನೆ. ಅಜ್ಜಿಗೆ ಹಾಡುಗಾರ ಎದುರಿಗಿಲ್ಲ ಎಂಬುದು ಒಂದು ಕೊರತೆಯಾಗಿ ಕಂಡಿರಲಿಲ್ಲ.

ಕ್ಯಾಸೆಟ್ ಕಾಲದ ಇನ್ನೊಂದು ಪಾಠವೂ ಇದೆ, ಅದು ಕಹಿ. ಹೆಚ್ಚಿನ ಹಾಡುಗಾರರು ಒಂದು ದಿನದ ಕೂಲಿ ಇಸಕೊಂಡು ಹಾಡಿ ಬಂದರು. ಕ್ಯಾಸೆಟ್ ಎಷ್ಟು ಮಾರಿದರೂ ಅವರಿಗೆ ಮತ್ತೇನೂ ಬರಲಿಲ್ಲ. ಜಾಗ ಯಾರದೋ ಗಲ್ಲಾಪೆಟ್ಟಿಗೆ ಅವರದು.

ಈ ಮಾತಿಗೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉತ್ತರ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಕಣ್ಣಿಲ್ಲದ, ಮನೆಯಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಗೀತ ಶಾಲೆ ನಡೆಸಿದರು. ಮಕ್ಕಳಿಗೆ ಹೊಟ್ಟೆಗೆ ಬೇಕಲ್ಲ? ಭಿಕ್ಷೆ ಎತ್ತಿದರು, ಅದಷ್ಟಕ್ಕೇ ನಿಲ್ಲದೆ ನಾಟಕ ಕಂಪನಿಯನ್ನೇ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಆ ಕಂಪನಿಗೆ ನಾಟಕ ಬರೆದರು, ಸಂಗೀತ ಕೂಡಿಸಿದರು, ಬ್ರೈಲ್‌ನಲ್ಲಿ ಗ್ರಂಥ ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಈ ಕತೆಯನ್ನು ಹೇಳುವವರೆಲ್ಲ ಗುರುಭಕ್ತಿ, ತ್ಯಾಗ, ಪವಾಡ ಎನ್ನುತ್ತಾರೆ. ನನಗೆ ಅದರಲ್ಲಿ ಕಾಣುವ ದೊಡ್ಡ ಸಂಗತಿ ವ್ಯವಹಾರದ್ದು: ಟಿಕೆಟ್ ಹರಿಯುವ ಜಾಗವೂ ಅವರದೇ ಆಗಿತ್ತು. ಯಾರದೋ ರಂಗದ ಮೇಲೆ ಐದು ನಿಮಿಷ ಬೇಡಿಕೊಂಡಿದ್ದರೆ ಆಶ್ರಮದಲ್ಲಿ ಒಲೆ ಉರಿಯುತ್ತಿರಲಿಲ್ಲ.

ಇನ್ನು ಕನ್ನಡಕದ ವಿಷಯ. ಹುಡುಗ ಹೇಳಿದ್ದು ಸುಳ್ಳಲ್ಲ. 2003ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸೆಕೆಂಡ್ ಲೈಫ್’ ಎಂಬ ಕಂಪ್ಯೂಟರ್ ಲೋಕದಲ್ಲಿ ಗಾಲಿಕುರ್ಚಿಯ ಮೇಲಿರುವವರು ಚಿತ್ರಶಾಲೆ ತೆರೆದರು, ಹಾಡುಗಾರರು ಕಛೇರಿ ಕೊಟ್ಟರು. ಅಲ್ಲಿ ‘ವರ್ಚುವಲ್ ಎಬಿಲಿಟಿ’ ಎಂಬ ಅಂಗವಿಕಲರದೇ ಬಳಗ ಇವತ್ತಿಗೂ ಇದೆ. ಟೋಕಿಯೊದಲ್ಲಿ 2021ರಲ್ಲಿ ತೆರೆದ ಒಂದು ಕಾಫಿ ಹೋಟೆಲಿನಲ್ಲಿ ಬಡಿಸುವುದು ರೋಬೋಟುಗಳು. ಅವನ್ನು ನಡೆಸುವವರು ತಮ್ಮ ಮನೆಯ ಹಾಸಿಗೆಯಿಂದ ಏಳಲಾಗದವರು, ಗಿರಾಕಿಯೊಂದಿಗೆ ಮಾತಾಡುವ ದನಿಯೂ ಅವರದೇ. ಬೆಂಗಳೂರಿನ ಕಸ್ತೂರಬಾ ರಸ್ತೆಯ ‘ಮ್ಯಾಪ್’ ಕಲಾ ಸಂಗ್ರಹಾಲಯ ಮೊದಲು ತೆರೆದದ್ದು ಅಂತರ್ಜಾಲದಲ್ಲಿ, 2020ರ ಡಿಸೆಂಬರಿನಲ್ಲಿ. ಕಟ್ಟಡದ ಬಾಗಿಲು ತೆರೆದದ್ದು 2023ರಲ್ಲಿ. ಇವೆಲ್ಲ ಚೆನ್ನ. ಆದರೆ ಅಷ್ಟು ದುಡ್ಡಿನ ಕನ್ನಡಕವನ್ನು ಕೇಳುವವರ ಮನೆಯಲ್ಲೂ ಇಡಬೇಕಲ್ಲ. ಮಾದಪ್ಪನ ಕತೆ ಕೇಳುವವರ ಮನೆಯಲ್ಲಿ ಇರುವುದು ಮೊಬೈಲು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ತೊಡಕುಗಳಿಗೆ ಬರೋಣ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹುಮ್ಮಸ್ಸಿನವರು ಸೋಲುವುದು ಇಲ್ಲೇ.

ಮೊದಲನೆಯದು ಸೊಲ್ಲು. ಅಣ್ಣ ಅವನ ಊರಲ್ಲಿ, ಸೊಲ್ಲು ಕೊಡುವವರು ಕೌದಳ್ಳಿಯಲ್ಲಿ, ದಮ್ಮಡಿಯವನು ಲೊಕ್ಕನಹಳ್ಳಿಯಲ್ಲಿ, ಮೂವರೂ ವಿಡಿಯೊ ಕಾಲಿನಲ್ಲಿ ಕೂಡಿ ಹಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ಕೂತವನ ತಾಳ ನಿಮ್ಮ ಕಿವಿ ಮುಟ್ಟಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಹಿಡಿಯುತ್ತದೆ. ಅಷ್ಟರವರೆಗೆ ಹಾಡುಗಾರರು ಹೊಂದಿಕೊಳ್ಳುತ್ತಾರೆ, ಅದಕ್ಕಿಂತ ಹೆಚ್ಚಾದರೆ ತಾಳ ಜಾರತೊಡಗುತ್ತದೆ. ಮೊಬೈಲ್ ಕರೆಯಲ್ಲಿ ಆಗುವ ತಡ ಇದರ ಐದಾರು ಪಟ್ಟು ಇರುವುದು ಸಾಮಾನ್ಯ. ಅಂದರೆ ಸೊಲ್ಲು ಕೊಡುವವನು ಐವತ್ತು ಅರವತ್ತು ಮೀಟರ್ ಆಚೆ, ದೇವಸ್ಥಾನದ ಆ ತುದಿಯಲ್ಲಿ ನಿಂತು ಕೂಗಿದ ಹಾಗೆ. ಕಂಸಾಳೆಯಂಥ ಚುರುಕು ತಾಳಕ್ಕೆ ಇದು ಒಗ್ಗದು. ನೆಟ್‌ವರ್ಕ್ ಎಷ್ಟು ಜೋರಾದರೂ ಈ ತಡ ಪೂರ್ತಿ ಹೋಗುವುದಿಲ್ಲ. ಹಾಗಾಗಿ ನೇರವಾಗಿ ಹಾಡುವಾಗ ಸಂಗಡಿಗರೂ ಅಣ್ಣನ ಜಗಲಿಯ ಮೇಲೇ ಇರಲಿ. ಅವರು ಎರಡು ಕಾಲಿನ ಮೇಲೆ ಬರಬಲ್ಲರು. ಇಷ್ಟು ದಿನ ಇವನನ್ನು ಬಿಟ್ಟು ಅವರು ಹೋದರು. ಇನ್ನು ಅವರೇ ಇಲ್ಲಿಗೆ ಬರಲಿ.

ಎರಡನೆಯದು, ಯಾರೂ ಹೇಳದ ಒಂದು ಕಿರಿಕಿರಿ. ಲಾಕ್‌ಡೌನ್ ಕಾಲದಲ್ಲಿ ಒಂದು ಆನ್‌ಲೈನ್ ಜಾನಪದ ಕಾರ್ಯಕ್ರಮ ನೋಡುತ್ತಿದ್ದೆ. ಹಿರಿಯ ಕಲಾವಿದರೊಬ್ಬರು ಕಂಸಾಳೆ ಹೊಡೆಯುತ್ತಿದ್ದರು, ಕೈ ಕಾಣುತ್ತಿತ್ತು, ಸದ್ದೇ ಇಲ್ಲ! ನಡುನಡುವೆ ಗೊರಗೊರ ಅಂತ ಮಾತ್ರ ಬರುತ್ತಿತ್ತು. ಅವರದು ಹಾಳು ಮೊಬೈಲು ಎಂದು ಎಲ್ಲರೂ ಅಂದುಕೊಂಡೆವು. ಆಮೇಲೆ ತಿಳಿಯಿತು, ಅದು ಮೊಬೈಲಿನ ತಪ್ಪಲ್ಲ. ಈ ಮೀಟಿಂಗ್ ಆ್ಯಪುಗಳನ್ನು ಮಾಡಿರುವುದು ಆಫೀಸಿನವರ ಮಾತಿಗೆ. ಮನುಷ್ಯನ ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲ ಎಂದು ಅವು ತಿಳಿದು ಅಳಿಸಿಹಾಕುತ್ತವೆ. ಫ್ಯಾನಿನ ಸದ್ದು, ನಾಯಿ ಬೊಗಳಿದ್ದು, ಕಂಚಿನ ಕಂಸಾಳೆ ಎಲ್ಲ ಅವಕ್ಕೆ ಒಂದೇ. ಜೂಮ್‌ನಲ್ಲಿ ಸಂಗೀತಗಾರರಿಗಾಗಿಯೇ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇಟ್ಟಿದ್ದಾರೆ. ಅದನ್ನು ಒತ್ತಿದರೆ ಕಂಸಾಳೆ ಮತ್ತೆ ಕೇಳುತ್ತದೆ. ಅದನ್ನು ಒತ್ತಲು ತಿಳಿದವನೊಬ್ಬ ಪಕ್ಕದಲ್ಲಿರಬೇಕು. ಈ ಪಕ್ಕದವನ ಮಾತು ಮತ್ತೆ ಬರುತ್ತದೆ, ನೆನಪಿಡಿ.

ಮೂರನೆಯದು ನೆಟ್‌ವರ್ಕು. ಮಾದಪ್ಪನ ಎಪ್ಪತ್ತೇಳು ಮಲೆಯಲ್ಲಿ ಎಷ್ಟು ಮಲೆಗೆ ಸಿಗ್ನಲ್ ಇದೆ ಎಂದು ನಿಮಗೇ ಗೊತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಇಂಡಿಗನತ್ತ ಊರಿನವರು ರಸ್ತೆ, ನೀರು, ಕರೆಂಟು ಇಲ್ಲವೆಂದು ಮತದಾನಕ್ಕೇ ಬರುವುದಿಲ್ಲ ಎಂದದ್ದು ಮರೆಯುವ ಮಾತಲ್ಲ. ಅಂಥ ಕಡೆ ನಿಂತು ವರ್ಚುವಲ್ ಲೋಕ ಎಂದರೆ ಜನ ನಗುವುದು ಸಹಜ. ಆದರೆ ಇದಕ್ಕೆ ನೇರ ಪ್ರಸಾರವೇ ಬೇಕಾಗಿಲ್ಲ. ರಾತ್ರಿ ಕೂತು ಹಾಡಿ, ಮೊಬೈಲಿನಲ್ಲಿ ದನಿ ಹಿಡಿದುಕೊಂಡು, ಸಂತೆಗೆ ಬಂದಾಗ ಹನೂರಿನಲ್ಲೋ ರಾಮಾಪುರದಲ್ಲೋ ಏರಿಸಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರಿಟ್ಟು ಅನೇಕ ಕಡೆ ಕಂಪ್ಯೂಟರು ಕೊಟ್ಟಿದ್ದಾರೆ. ನಿಮ್ಮ ಪಂಚಾಯಿತಿಯದಕ್ಕೆ ಬೀಗ ಬಿದ್ದಿದ್ದರೆ ತೆಗೆಸಿ. ಇಂಟರ್ನೆಟ್ಟೇ ಇಲ್ಲದೆ ನಡೆದ ಪ್ರಯೋಗವೂ ಇದೆ. ಛತ್ತೀಸಗಡದಲ್ಲಿ 2010ರಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಮತ್ತು ಸಂಗಡಿಗರು ‘ಸಿಜಿನೆಟ್ ಸ್ವರ’ ಶುರುಮಾಡಿದರು. ಕಾಡಿನ ಗೊಂಡರು ಸಾದಾ ಮೊಬೈಲಿನಿಂದ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಅತ್ತಲಿಂದ ಕರೆ ಬರುತ್ತದೆ, ತಮ್ಮ ಮಾತಿನಲ್ಲಿ ಸುದ್ದಿ ಹೇಳುತ್ತಾರೆ, ಹಾಡು ಹಾಡುತ್ತಾರೆ, ಉಳಿದವರು ಅದೇ ನಂಬರಿಗೆ ಕರೆ ಮಾಡಿ ಕೇಳುತ್ತಾರೆ. ಓದುಬರಹ ಬೇಡ, ದೊಡ್ಡ ಮೊಬೈಲೂ ಬೇಡ. ನಮ್ಮ ಸೋಲಿಗರ ಪೋಡುಗಳಿಗೆ ಇಂಥದ್ದೊಂದು ಇದ್ದಿದ್ದರೆ ಅವರ ಗೊರುಕನ ಪದಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಯಾವುದು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಎಚ್.ಡಿ. ಕೋಟೆ ಕಡೆಯ ಸರಗೂರಿನಲ್ಲಿ ‘ಜನಧ್ವನಿ’ ಸಮುದಾಯ ಬಾನುಲಿ ನಡೆಯುತ್ತಿದೆಯಲ್ಲ, ಮಾದಪ್ಪನ ಬೆಟ್ಟದ ಬುಡದಲ್ಲಿ ಯಾಕಾಗಬಾರದು? ಕೇಳುವವರು ಬೇಕು.

ನಿಮ್ಮಣ್ಣನಿಗೆ ಕಣ್ಣಿದೆ. ಆದರೆ ಈ ಉತ್ತರವನ್ನು ಯಾರಾದರೂ ಕಣ್ಣು ಕಾಣದವರಿಗೆ ಓದಿ ಹೇಳುತ್ತಿರಬಹುದು, ಅವರಿಗಾಗಿ ಒಂದು ಮಾತು. ಮೊಬೈಲಿನಲ್ಲೇ ಪರದೆ ಓದಿ ಹೇಳುವ ಸೌಲಭ್ಯ ಇದೆ, ಕನ್ನಡದಲ್ಲೂ ಮಾತಾಡುತ್ತದೆ. ಕಂಪ್ಯೂಟರಿಗೆ ‘ಎನ್‌ವಿಡಿಎ’ ಎಂಬ ಪುಕ್ಕಟೆ ತಂತ್ರಾಂಶ ಇದೆ. 2006ರಲ್ಲಿ ಅದನ್ನು ಶುರುಮಾಡಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೇ. ಇಷ್ಟಾದರೂ ನಮ್ಮ ಅಂಧ ಕಲಾವಿದರಿಗೆ ಕಾರ್ಯಕ್ರಮದ ಸುದ್ದಿಯೇ ತಲುಪುವುದಿಲ್ಲ. ಯಾಕೆಂದರೆ ನಾವು ಆಹ್ವಾನ ಪತ್ರಿಕೆಯನ್ನು ಫೋಟೊ ಮಾಡಿ ವಾಟ್ಸ್ಆ್ಯಪಿಗೆ ಹಾಕುತ್ತೇವೆ. ಯಂತ್ರಕ್ಕೆ ಅದು ಬರೀ ಚಿತ್ರ. ಹೆಚ್ಚಾಗಿ ‘ಫೋಟೊ’ ಎಂದು ಹೇಳಿ ಸುಮ್ಮನಾಗುತ್ತದೆ. ಕಚೇರಿಗಳ ಅರ್ಜಿ ನಮೂನೆಗಳದು ಇನ್ನೊಂದು ಕತೆ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತ ನಮ್ಮ ಕಣ್ಣಿಗೆ ಅಚ್ಚಗನ್ನಡ, ಓದುವ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಟೈಪು ಮಾಡಿದರೆ ಈ ತೊಂದರೆಯೇ ಇಲ್ಲ, ಖರ್ಚೂ ಇಲ್ಲ. ಕೋಟಿಗಟ್ಟಲೆ ರೂಪಾಯಿಯ ಯೋಜನೆ ಮಾಡುವ ಮೊದಲು ಸಂಸ್ಕೃತಿಯ ಹೆಸರಿನ ಎಲ್ಲ ಇಲಾಖೆ, ಅಕಾಡೆಮಿ, ಸಂಘದವರು ಇದೊಂದನ್ನು ಮಾಡಲಿ. ಆಹ್ವಾನದ ಚಿತ್ರದ ಕೆಳಗೆ ಅದೇ ಮಾತನ್ನು ಟೈಪು ಮಾಡಿ ಹಾಕುವುದಕ್ಕೆ ಎರಡು ನಿಮಿಷ ಸಾಕು.

ಕಾನೂನು ನಿಮ್ಮ ಪರವಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಅಂಗವಿಕಲ ಕಲಾವಿದರಿಗೂ ಬರಹಗಾರರಿಗೂ ನೆರವು, ಪ್ರಾಯೋಜಕತ್ವ ಕೊಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಅಣ್ಣನಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಮಾಡಿಸಿ. ಯಾವ ಅರ್ಜಿಗೂ ಮೊದಲು ಕೇಳುವುದು ಅದನ್ನೇ.

ಈಗ ದುಡ್ಡು. ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಬರಬೇಕಾದರೆ ಒಂದು ಸಾವಿರ ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಆಗಬೇಕು. ಕೇಳಿ ಎದೆ ಒಡೆದುಕೊಳ್ಳಬೇಡಿ, ಲೆಕ್ಕ ಹಾಕಿ. ಎರಡು ನಿಮಿಷದ ಬೀಸಿಗೆ ಅಷ್ಟು ಗಂಟೆ ಕೂಡಬೇಕೆಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಸಲ ಪೂರ್ತಿ ನೋಡಬೇಕು. ಎಂಟು ಗಂಟೆಯ ರಾತ್ರಿ ಕತೆಯನ್ನು ಐನೂರು ಜನ ಪೂರ್ತಿ ಕೇಳಿದರೆ ಸಾಕು. ಮಾದಪ್ಪನ ಒಕ್ಕಲು ಬೆಂಗಳೂರಿನಲ್ಲಿ, ತಮಿಳುನಾಡಿನ ತಾಳವಾಡಿ ಕಡೆ, ಗಲ್ಫಿನ ಕೆಲಸದಲ್ಲಿ, ಎಲ್ಲೆಲ್ಲೂ ಇದ್ದಾರೆ. ಅವರು ಅಡಿಗೆ ಮಾಡುತ್ತ, ಲಾರಿ ಓಡಿಸುತ್ತ, ರಾತ್ರಿ ಪಾಳಿ ಕಾಯುತ್ತ ಕೇಳುವವರು. ಉದ್ದ ಕತೆಗೆ ಬೇರೆ ಯಾವ ವೇದಿಕೆಯಲ್ಲೂ ಇಲ್ಲದ ಬೆಲೆ ಇಲ್ಲಿದೆ ಎಂದು ನಾನು ಹೇಳುವುದು ಇದಕ್ಕೆ. ಆದರೂ ಇದರಿಂದಲೇ ಸಂಸಾರ ಸಾಗುತ್ತದೆಂದು ನಂಬಿಸುವವರನ್ನು ದೂರ ಇಡಿ. ಜಾಹೀರಾತಿನ ಹಣ ಚಿಲ್ಲರೆ. ನಿಜವಾದ ವರಮಾನ ಬರುವುದು ಅದನ್ನು ಕೇಳಿದ ಯಾರೋ ಮನೆಯ ಹರಕೆಗೆ ‘ನಮ್ಮಲ್ಲಿ ಒಂದು ರಾತ್ರಿ ಕತೆ ಮಾಡಿಸಿ’ ಎಂದು ಗಾಡಿ ಕಳಿಸಿದಾಗ, ಅಥವಾ ಊರಾಚೆಯ ಹುಡುಗರು ತಿಂಗಳಿಗಿಷ್ಟು ಕೊಟ್ಟು ಕಲಿಯಲು ಕೂತಾಗ. ಕಲಿಸುವುದಕ್ಕೆ ಮೊಬೈಲು ಹೇಳಿ ಮಾಡಿಸಿದ್ದು. ಗುರು ಒಂದು ಸಾಲು ಹೇಳುತ್ತಾನೆ, ಶಿಷ್ಯ ತಿರುಗಿ ಹೇಳುತ್ತಾನೆ. ಇಲ್ಲಿ ಆ ತಡದ ಕಾಟವೂ ಇಲ್ಲ. 2021ರ ಲಾಕ್‌ಡೌನಿನಲ್ಲಿ ಜಾತ್ರೆ ನಿಂತಾಗ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಕೊಟ್ಟಿತು, ಒಂದು ಸಲ. ಆಗ ನಾಲ್ಕು ಜನ ಶಿಷ್ಯರಿದ್ದ ಕಲಾವಿದನಿಗೂ ಯಾರೂ ಇಲ್ಲದ ಕಲಾವಿದನಿಗೂ ಎಷ್ಟು ವ್ಯತ್ಯಾಸವಾಯಿತೆಂದು ಕೇಳಿ ನೋಡಿ.

ಪಕ್ಕದವನ ವಿಷಯಕ್ಕೆ ಬರುತ್ತೇನೆ. ಮೊಬೈಲು ಹಿಡಿಯಲು, ಏರಿಸಲು, ಹೆಸರು ಬರೆಯಲು ಒಬ್ಬ ಬೇಕೇ ಬೇಕು. ಅವನು ತಮ್ಮನೋ, ಕಾಲೇಜು ಹುಡುಗನೋ, ಪಟ್ಟಣದ ಸಂಸ್ಥೆಯವನೋ ಇರಬಹುದು. ಚಾನೆಲ್ ಯಾರ ಇಮೇಲಿನಲ್ಲಿದೆ, ಹಣ ಯಾರ ಖಾತೆಗೆ ಹೋಗುತ್ತದೆ, ಈ ಎರಡನ್ನು ಮೊದಲ ದಿನವೇ ಅಣ್ಣನ ಹೆಸರಿಗೆ ಮಾಡಿಸಿ. ನಾಚಿಕೆ ಬೇಡ. ಆ ಹುಡುಗ ಒಳ್ಳೆಯವನೇ ಇರಬಹುದು, ಕ್ಯಾಸೆಟ್ಟಿನವರಲ್ಲೂ ಒಳ್ಳೆಯವರಿದ್ದರು. ಕತೆ ಮಾದಪ್ಪನದು, ಎಲ್ಲರದು, ಅದಕ್ಕೆ ಹಕ್ಕೆಲ್ಲಿ ಎಂದು ಯಾರಾದರೂ ಅಂದರೆ ಹೀಗೆ ಹೇಳಿ: ಕತೆ ಎಲ್ಲರದು, ಇವನು ಹಾಡಿದ್ದು ಇವನದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶನ ಕೊಟ್ಟವನಿಗೆ ಆ ಪ್ರದರ್ಶನದ ಮೇಲೆ ಐವತ್ತು ವರ್ಷದ ಹಕ್ಕು ಕೊಟ್ಟಿದೆ. ರೆಕಾರ್ಡು ಮಾಡಲು ಬಂದವರಿಗೆ ಕಾಗದದ ಮೇಲೆ ಬರೆದುಕೊಡಲು ಹೇಳಿ, ಎಷ್ಟು ಸಲ, ಎಲ್ಲಿ, ಎಷ್ಟಕ್ಕೆ ಅಂತ. ಬ್ಯಾಂಕಿನಲ್ಲಿ ಮೊಬೈಲು ಮುಖಾಂತರ ಖಾತೆ ತೆರೆಯುವಾಗ ಕಣ್ಣು ಮಿಟುಕಿಸಿ ಎಂದೋ, ಬೆರಳಚ್ಚು ಎಂದೋ ತೊಡಕು ಮಾಡಿದರೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ, 2025ರ ಏಪ್ರಿಲ್ 30ರದ್ದು. ಡಿಜಿಟಲ್ ಸೇವೆ ಎಟುಕುವಂತಿರುವುದೂ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿದೆ. ಆಸಿಡ್ ದಾಳಿಗೆ ಒಳಗಾಗಿ ಕಣ್ಣು ಮಿಟುಕಿಸಲಾಗದ ಮಹಿಳೆಯರೂ ಅಂಧರೊಬ್ಬರೂ ಹೋರಾಡಿ ತಂದದ್ದು ಅದು.

ಇನ್ನೊಂದು ಅಪಾಯ ನಿಮ್ಮ ಮನೆಯೊಳಗಿನದು. ವಿಡಿಯೊಗೆ ಏನು ಹೆಸರಿಡುತ್ತೀರಿ? ‘ಕಾಲಿಲ್ಲದ ಕಲಾವಿದನ ಕಣ್ಣೀರಿನ ಹಾಡು’ ಎಂದಿಟ್ಟರೆ ನೋಡುವವರು ಹೆಚ್ಚುತ್ತಾರೆ, ಒಪ್ಪುತ್ತೇನೆ. ಆದರೆ ಅವರು ಬರುವುದು ಕಾಲು ನೋಡಲು. ಎರಡು ನಿಮಿಷ ನೋಡಿ, ‘ಅಯ್ಯೋ ಪಾಪ’ ಎಂದು ಬರೆದು ಹೋಗುತ್ತಾರೆ. ಶ್ರವಣದೊರೆ ಸಾಯುವವರೆಗೆ ಕೂರುವುದಿಲ್ಲ. ಪುಟ್ಟರಾಜರ ಪಿಟೀಲು ಕೇಳಲು ಬಂದವರು ಕುರುಡರ ಪಿಟೀಲು ಕೇಳಲು ಬಂದವರಲ್ಲ. ಹೆಸರು ‘ಸಂಕಮ್ಮನ ಸಾಲು’ ಎಂದಿರಲಿ, ಹಾಡಿದವರ ಹೆಸರು, ಊರು, ಕಲಿಸಿದ ತಾತನ ಹೆಸರು ಇರಲಿ. ಸಾಕು. ಕೂತಿರುವುದನ್ನು ಮರೆಸಲು ಮುಖವನ್ನಷ್ಟೇ ತೋರಿಸುವ ಉಪಾಯವನ್ನೂ ಮಾಡಬೇಡಿ. ಮಾದಪ್ಪನ ಕತೆ ಹೇಳುವವರು ಕೂತೇ ಹೇಳುತ್ತ ಬಂದಿದ್ದಾರೆ.

ಒಂದು ಎಚ್ಚರ ದೇವರಗುಡ್ಡರ, ಅಂದರೆ ದೀಕ್ಷೆ ಪಡೆದು ಮಾದಪ್ಪನನ್ನು ಹಾಡುವವರ ಮನಸ್ಸಿನದು. ದೀಕ್ಷೆ, ಗುರುಮನೆಯ ಕಟ್ಟು, ಹರಕೆಯ ಕತೆ ಇವೆಲ್ಲ ಇರುವ ಪರಂಪರೆ ಇದು. ಯಾವುದನ್ನು ಲೋಕಕ್ಕೆ ಬಿಡಬಹುದು, ಯಾವುದು ದೇವರ ಮುಂದೆ ಮಾತ್ರ, ಎಂದು ಹಿರಿಯರನ್ನು ಕೇಳಿ ಮಾಡಿ. ಅವರು ಬೇಡವೆಂದದ್ದನ್ನು ಬಿಟ್ಟರೂ ಹಾಡಲು ಹತ್ತು ವರ್ಷಕ್ಕಾಗುವಷ್ಟು ಇದೆ. ಆದರೆ ‘ಇವನಿಗೆ ಬೆಟ್ಟ ಹತ್ತಲಾಗದು, ಇವನೇನು ಗುಡ್ಡ’ ಎಂದು ಯಾರಾದರೂ ಅಂದರೆ ಅದನ್ನು ಹಿರಿತನದ ಮಾತೆಂದು ತಿಳಿಯಬೇಡಿ. ಜೋಗತಿ ಕಲೆಯ ಮಂಜಮ್ಮನವರನ್ನು ಒಂದು ಕಾಲದಲ್ಲಿ ಮನೆಯವರೇ ದೂರ ಮಾಡಿದ್ದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಹಾಗೆಯೇ ಮಾದಪ್ಪನ ಪದಗಳನ್ನು ಹೆಂಗಸರು ಮನೆಯೊಳಗೆ, ಬೆಟ್ಟಕ್ಕೆ ನಡೆಯುವ ದಾರಿಯಲ್ಲಿ ಹಾಡುತ್ತ ಬಂದಿದ್ದಾರೆ. ಮೇಳದಲ್ಲಿ ಮಾತ್ರ ಅವರಿಗೆ ಜಾಗ ಇರಲಿಲ್ಲ. ನಿಮ್ಮ ಜಗಲಿಯ ಮುಂದೆ ಮೊಬೈಲು ಇಟ್ಟಾಗ ಅತ್ತಿಗೆಗೋ ಅಜ್ಜಿಗೋ ಒಂದು ಪದ ಹೇಳಲು ಹೇಳಿ ನೋಡಿ.

ಈಗ ಅಣ್ಣನ ಪ್ರಶ್ನೆ. ಎದುರಿಗೆ ಜನ ಇಲ್ಲದೆ ಯಾರಿಗೆ ಹೇಳುವುದು? ಅವನು ಸರಿಯಾಗಿಯೇ ಕೇಳಿದ್ದಾನೆ. ಕೇಳುವವನ ‘ಹೂಂ’ ಇಲ್ಲದೆ ಕತೆ ಏಳುವುದಿಲ್ಲ. ಮೊಬೈಲಿಗೆ ಹೂಂಗುಟ್ಟಲು ಬರುವುದಿಲ್ಲ. ಕತ್ತಲೆಕೋಣೆಯಲ್ಲಿ ಒಬ್ಬನೇ ಕೂತು ಮೊಬೈಲಿನ ಗಾಜಿಗೆ ಹಾಡಿದರೆ ಅಣ್ಣನ ದನಿ ಅರ್ಧ ಗಂಟೆಯಲ್ಲಿ ಬಾಡುತ್ತದೆ. ಆದ್ದರಿಂದ ಒಬ್ಬನನ್ನೇ ಕೂರಿಸಬೇಡಿ. ಕಾರ್ತಿಕದಲ್ಲಿ ಒಂದು ಸೋಮವಾರ ರಾತ್ರಿ ಅಕ್ಕಪಕ್ಕದ ಹತ್ತು ಮನೆಯವರನ್ನು ಕರೆಯಿರಿ, ಚಾಪೆ ಹಾಸಿ, ಸೊಲ್ಲಿಗೆ ಇಬ್ಬರನ್ನು ಕೂರಿಸಿ, ಮೊಬೈಲನ್ನು ಮಡಕೆಗೋ ಒರಳಿಗೋ ಒರಗಿಸಿ ಮೂಲೆಯಲ್ಲಿಟ್ಟು ಅದನ್ನು ಮರೆತುಬಿಡಿ. ಅಣ್ಣ ಹತ್ತು ಮನೆಯವರಿಗೆ ಹಾಡಲಿ. ಹನ್ನೊಂದನೆಯ ಮನೆಯವರು ದೂರದಲ್ಲೆಲ್ಲೋ ಕೂತು ಕದ್ದು ಕೇಳಿದಂತೆ ಕೇಳಲಿ. ರೆಕಾರ್ಡಿನಲ್ಲಿ ಕೂಸು ಅತ್ತದ್ದು, ನಾಯಿ ಬೊಗಳಿದ್ದು, ಮುದುಕರೊಬ್ಬರು ‘ಉಘೇ’ ಅಂದದ್ದು ಎಲ್ಲ ಇದ್ದರೆ ಇರಲಿ, ಅಳಿಸಬೇಡಿ.

ಸಂಕಮ್ಮನ ಸಾಲಿನಿಂದ ಶುರುಮಾಡಿ ಎಂಬುದು ನನ್ನ ಆಸೆ. ಅದು ಸೋಲಿಗರ ಹೆಣ್ಣುಮಗಳ ಕತೆ, ನಿಮ್ಮ ಕಾಡಿನದೇ. ಮುಗಿದ ಮೇಲೆ ಕೊಂಡಿಯನ್ನು ನಮ್ಮ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಾರ್ಯಕ್ರಮದ ದಿನ, ಊರು, ಹಾಡಿದವರ ಹೆಸರು ಟೈಪು ಮಾಡಿ ಕಳಿಸಿ, ಫೋಟೊ ಬೇಡ.